ಹೆಂಚಿನ ಮಾಲೀಕ ಸೈಟಿಗೆ ಇಳಿದ ಕಥೆ

ಕೋಲಾರ ಜಿಲ್ಲೆಗೆ ಬರ ಹೊಸದಲ್ಲ. ಆದರೆ ಮಾಲೂರಿನಲ್ಲಿ ಉದ್ಯಮ ಮಾಡುವವರಿಗೆ ಮಾತ್ರ ಬರ ಬಂದದ್ದಿಲ್ಲ. 1864ರಲ್ಲೇ ಬೆಂಗಳೂರು–ಜೋಲಾರಪೇಟೆ ರೈಲು ಈ ದಾರಿಯಲ್ಲಿ ಓಡಿತು. ಕೆರೆಗಳಲ್ಲಿ ಜೇಡಿಮಣ್ಣು, ಬಯಲಲ್ಲಿ ನೀಲಗಿರಿ ಸೌದೆ, ಕೂಗಳತೆಯಲ್ಲಿ ದಿನದಿನಕ್ಕೂ ಮನೆ ಕಟ್ಟುವ ಬೆಂಗಳೂರು. ಇಷ್ಟು ಸಿಕ್ಕಿದ್ದೇ ತಡ, ಊರ ಸುತ್ತ ಹೆಂಚಿನ ಕಾರ್ಖಾನೆಗಳು, ಇಟ್ಟಿಗೆ ಗೂಡುಗಳು ಎದ್ದವು. ಒಬ್ಬ ಹಾಕಿದ್ದನ್ನು ನೋಡಿ ಪಕ್ಕದವನೂ ಹಾಕಿದ. ಯಾವ ಇಲಾಖೆಯೂ ಕಾರ್ಯಾಗಾರ ನಡೆಸಿ ಅವರನ್ನು ಹುರಿದುಂಬಿಸಬೇಕಾಗಲಿಲ್ಲ.

ಆ ಮಾಲೀಕ ಹೊತ್ತುಕೊಳ್ಳುತ್ತಿದ್ದ ಹೊರೆಯನ್ನು ಸ್ವಲ್ಪ ನೋಡಿ. ಮಳೆಗಾಲಕ್ಕೆ ಮೊದಲೇ ಕೈಯಿಂದ ದುಡ್ಡು ಸುರಿದು ಲೋಡುಗಟ್ಟಲೆ ಕೆರೆಮಣ್ಣು ಹೊಡೆಸಿ ರಾಶಿ ಹಾಕಬೇಕು. ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟು ಕೂಲಿಯವರನ್ನು ಕರೆಸಬೇಕು. ಮಣ್ಣು ಅರೆದು, ಅಚ್ಚಿಗೆ ಹಾಕಿ, ನೆರಳಲ್ಲಿ ಒಣಗಿಸುವಾಗ ಅಕಾಲದ ಮಳೆ ಬಂದರೆ ಹಸಿ ಇಟ್ಟಿಗೆ ಮತ್ತೆ ಮಣ್ಣೇ. ಗೂಡಿನಲ್ಲಿ ಬೆಂಕಿ ಕಡಿಮೆಯಾದರೆ ಮಾಲು ಬಿಳಿಚಿಕೊಳ್ಳುತ್ತದೆ, ಹೆಚ್ಚಾದರೆ ಸೊಟ್ಟಗಾಗುತ್ತದೆ. ಎಲ್ಲ ಸರಿಹೋಗಿ ಲಾರಿ ಬೆಂಗಳೂರಿಗೆ ಹೋದ ಮೇಲೆ ಕಂಟ್ರಾಕ್ಟರ್ ಉದ್ರಿ ಹೇಳುತ್ತಾನೆ. ಇಂಥವನನ್ನು ಕೂರಿಸಿ ‘ರಿಸ್ಕ್ ತೆಗೆದುಕೊಳ್ಳುವುದು ಹೇಗೆ’ ಎಂದು ಪಾಠ ಹೇಳಲು ಹೋದರೆ ಅವನು ನಗದೆ ಇನ್ನೇನು ಮಾಡಿಯಾನು?

ನಾವು ಹೇಳಿದ್ದು ಆ ಪಾಠವನ್ನೇ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ‘ಸಾಧನೆಯ ಹಂಬಲ’ ಬೆಳೆಸುವ ತರಬೇತಿ ಕೊಟ್ಟರು. ತರಬೇತಿ ಪಡೆದವರು ಉಳಿದವರಿಗಿಂತ ಚುರುಕಾದರು ಎಂಬುದು ಅವರ ವರದಿ. ಕೊರತೆ ಇರುವುದು ಮನುಷ್ಯನ ಮನಸ್ಸಿನಲ್ಲಿ, ಅದನ್ನು ತಿದ್ದಬಹುದು ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು. ನಮ್ಮಲ್ಲೇ ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯಿಂದ ತರಬೇತಿ ಪಡೆದು ಬದುಕು ಕಟ್ಟಿಕೊಂಡವರು ಸಾಕಷ್ಟು ಜನರಿದ್ದಾರೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಉದ್ಯಮ ಶುರು ಮಾಡುವುದು ಒಂದು, ಬೆಳೆಸುವುದು ಇನ್ನೊಂದು. ದೇಶದ ಆದಾಯ ಏರುವುದು ಎರಡನೆಯದರಿಂದ.

ಈ ಎರಡನೆಯದರಲ್ಲೇ ನಾವು ಸೋತಿರುವುದು. ಚಾಂಗ್-ತಾಯ್ ಷೇ ಮತ್ತು ಪೀಟರ್ ಕ್ಲೆನೋ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ನಲವತ್ತು ವರ್ಷ ಬಾಳಿದ ಕಾರ್ಖಾನೆಯಲ್ಲಿ ಹೊಸ ಕಾರ್ಖಾನೆಗಿಂತ ಏಳು ಪಟ್ಟಿಗೂ ಹೆಚ್ಚು ಕೆಲಸಗಾರರಿರುತ್ತಾರೆ. ಭಾರತದ ಕಾರ್ಖಾನೆ ವಯಸ್ಸಾದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಯಾಕೆ? ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲಿನ ಜವಳಿ ಕಾರ್ಖಾನೆಗಳನ್ನು ಹೊಕ್ಕು ನೋಡಿ 2013ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಉತ್ತರವಿದೆ. ಯಂತ್ರಗಳ ನಿಗಾ, ದಾಸ್ತಾನಿನ ಲೆಕ್ಕ, ದೋಷಗಳ ದಾಖಲೆ ಇಂಥ ಸಾದಾ ಸಂಗತಿಗಳನ್ನು ಸರಿಪಡಿಸಿದ್ದಕ್ಕೇ ಮೊದಲ ವರ್ಷ ಉತ್ಪಾದಕತೆ ಶೇ 17ರಷ್ಟು ಏರಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆಯಿದೆ: ಕಾರ್ಖಾನೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಮಾಲೀಕನ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದರ ಮೇಲೆ ನಿಂತಿತ್ತು! ಹೊರಗಿನವನ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವ ಧೈರ್ಯವಿಲ್ಲ. ಕೊಟ್ಟು ಮೋಸ ಹೋದರೆ ಕೋರ್ಟಿಗೆ ಅಲೆಯುವ ಆಯುಸ್ಸಿಲ್ಲ. ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಮನೆತನಗಳಲ್ಲಿ ಬೆಳವಣಿಗೆ ಇನ್ನೂ ಅರ್ಧಕ್ಕೆ ನಿಲ್ಲುತ್ತದೆ.

ಮಾಲೂರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ಊರು ನೋಡದೆಯೇ ಹೇಳಿದವರು ವಿಲಿಯಂ ಬೊಮೋಲ್. 1990ರ ಪ್ರಬಂಧವೊಂದರಲ್ಲಿ ಅವರು ಹಳೆಯ ರೋಮ್, ಚೀನಾಗಳನ್ನು ಮುಂದಿಟ್ಟುಕೊಂಡು ವಾದಿಸಿದರು: ಸಾಹಸಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರು ಯಾವ ಕೆಲಸಕ್ಕೆ ಇಳಿಯುತ್ತಾರೆ ಎಂಬುದನ್ನು ಆಟದ ನಿಯಮಗಳು ತೀರ್ಮಾನಿಸುತ್ತವೆ. ಹಳೆಯ ಚೀನಾದಲ್ಲಿ ಮಾನ, ಸಂಪತ್ತು ಎರಡೂ ಇದ್ದದ್ದು ಸರ್ಕಾರಿ ಪರೀಕ್ಷೆ ಪಾಸು ಮಾಡಿ ಅಧಿಕಾರಿಯಾಗುವುದರಲ್ಲಿ. ಜಾಣರು ಅತ್ತ ಹೋದರು. ನಮ್ಮಲ್ಲಿ ಜಾಣರು ಜಮೀನಿನ ಕಡೆ ಹೋದರು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ತಾಲ್ಲೂಕಿನ ಮೂಲಕ ಹಾದುಹೋಗುತ್ತದೆ ಎಂದ ಮೇಲೆ ಗೂಡು ಉರಿಸುವುದಕ್ಕಿಂತ ಗೂಡು ನಿಂತ ಜಾಗವನ್ನು ಲೇಔಟ್ ಮಾಡುವುದೇ ಲಾಭ. ಮಣ್ಣು ಬೇಡ, ಸೌದೆ ಬೇಡ, ಮೇಸ್ತ್ರಿಯ ಕಾಟವಿಲ್ಲ. ಬೇಕಾದ್ದು ಪಹಣಿ ಓದುವ ಕಣ್ಣು, ತಾಲ್ಲೂಕು ಕಚೇರಿಯಲ್ಲಿ ನಾಲ್ಕು ಪರಿಚಯ, ಕೈಯಲ್ಲೊಂದು ಅಗ್ರಿಮೆಂಟು. ಅಪ್ಪ ಮಣ್ಣನ್ನು ಸುಟ್ಟು ಮಾರಿದ, ಮಗ ಹಸಿಯಾಗಿಯೇ ಚದರಡಿ ಲೆಕ್ಕದಲ್ಲಿ ಮಾರುತ್ತಾನೆ. ಮಗನನ್ನು ನಾನು ದೂರುವುದಿಲ್ಲ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಆದರೆ ಒಂದೇ ಜಮೀನು ನಾಲ್ಕು ಕೈ ಬದಲಾಯಿಸಿ ಬೆಲೆ ಏರಿಸಿಕೊಂಡರೆ ಒಂದು ಇಟ್ಟಿಗೆಯೂ ಹೆಚ್ಚಾಗುವುದಿಲ್ಲ, ಒಬ್ಬನಿಗೂ ಕಸುಬು ಸಿಗುವುದಿಲ್ಲ.

ಹೆಂಚಿನ ಕಾಲ ಮುಗಿದದ್ದಕ್ಕೆ ಸೈಟು ಒಂದೇ ಕಾರಣವಲ್ಲ, ಒಪ್ಪುತ್ತೇನೆ. ಮನೆಗಳ ಮೇಲೆ ಆರ್‌ಸಿಸಿ ಬಂತು, ಗೋಡೆಗೆ ಸಿಮೆಂಟ್ ಬ್ಲಾಕ್ ಬಂತು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಅಂತರ್ಜಲದ ದೃಷ್ಟಿಯಿಂದ ಅದು ಸರಿಯೇ. ಹೊಸದು ಹಳೆಯದನ್ನು ಕೆಡವಿಯೇ ಬೆಳೆಯುತ್ತದೆ ಎಂದು ಶುಂಪೀಟರ್ 1942ರಲ್ಲಿ ಬರೆದರು. ಆ ವಿಚಾರವನ್ನು ಗಣಿತದಲ್ಲಿ ಕಟ್ಟಿಕೊಟ್ಟ ಅಗಿಯಾನ್ ಮತ್ತು ಹೋವಿಟ್ 2025ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಸರಿ, ಕೆಡವಲಿ. ಕೆಡವಿದ ಜಾಗದಲ್ಲಿ ಏನು ಎದ್ದಿತು ಎಂದು ಕೇಳುವುದು ತಪ್ಪೇ? ಪಕ್ಕದ ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ತಯಾರಾಗುತ್ತಿದೆ, ಐಫೋನ್ ಜೋಡಣೆಯೂ ಅಲ್ಲೇ. ನಮ್ಮ ಹುಡುಗರಿಗೆ ಕೆಲಸ ಸಿಕ್ಕಿದೆ. ಆದರೆ ಆ ಸ್ಕೂಟರಿನ ಒಂದು ಬಿಡಿಭಾಗವನ್ನಾದರೂ ಹೆಂಚಿನ ಮನೆತನದವರು ಮಾಡಿಕೊಡುತ್ತಿದ್ದಾರೆಯೇ?

ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೇ ಇದೆ. ವಾಣಿಜ್ಯ ವಿಭಾಗದವರು ಪ್ರಶ್ನಾವಳಿ ಹಿಡಿದು ಸಂತೃಪ್ತಿಯ ಮಟ್ಟ ಅಳೆಯುವುದನ್ನು ಸ್ವಲ್ಪ ದಿನ ನಿಲ್ಲಿಸಿ ಮಾಲೂರಿಗೆ ಬರಲಿ. ಹಳೆಯ ಕಾರ್ಖಾನೆಗಳ ಪಟ್ಟಿ ಹಿಡಿದು ಒಂದೊಂದೇ ಮನೆಗೆ ಹೋಗಿ ಕೇಳಲಿ: ಗೂಡು ಯಾವ ವರ್ಷ ನಿಂತಿತು, ಕೊನೆಯ ಸಾಲ ಯಾವ ಬ್ಯಾಂಕು ನಿರಾಕರಿಸಿತು, ಜಮೀನು ಯಾರ ಕೈ ಸೇರಿತು, ಬಂದ ದುಡ್ಡನ್ನು ಎಲ್ಲಿ ಹಾಕಿದಿರಿ. ಕೊನೆಯ ಪ್ರಶ್ನೆಗೆ ಉತ್ತರ ಸುಲಭಕ್ಕೆ ಸಿಗಲಾರದು, ಎರಡನೇ ಸಲ ಹೋಗಬೇಕಾದೀತು.