ಚಿಕ್ಕ ಪೆಟ್ಟಿಗೆಗೆ ತಕ್ಕ ಮದರ್‌ಬೋರ್ಡ್

ಈಚೆಗೆ ನಮಗೆ ಬಂದ ಓಲೆಗಳಲ್ಲಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದವರು ಹಲವರು. ಮನೆಯಲ್ಲಿ ಮಗನೋ ಮಗಳೋ ಆಟವಾಡಲು ತಕ್ಕ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿರುತ್ತಾರೆ. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸುವುದೆಂದೂ, ಮನೆ ಚಿಕ್ಕದಾದುದರಿಂದ ಪೆಟ್ಟಿಗೆಯೂ ಚಿಕ್ಕದಾಗಿರಬೇಕೆಂದೂ ನಿಶ್ಚಯವಾಗಿರುತ್ತದೆ. ಹಣ ಕೊಡಬೇಕಾದ ತಂದೆತಾಯಿಗಳಿಗೆ ಮಾತ್ರ ಆ ಬಿಡಿಭಾಗಗಳ ಪಟ್ಟಿ ಪರಭಾಷೆಯ ಪಂಚಾಂಗದಂತೆ ಕಾಣುತ್ತದೆ. ಆ ಪಟ್ಟಿಯ ನಡುವೆ ಸದ್ದಿಲ್ಲದೆ ಕುಳಿತಿರುವ ಮದರ್‌ಬೋರ್ಡ್ ಎಂಬ ವಸ್ತುವಿನ ವಿಚಾರವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಇಷ್ಟೊಂದು ಭಾಗಗಳಿರುವಾಗ ಇದೊಂದಕ್ಕೇ ಏಕೆ ಇಡೀ ಅಂಕಣ ಎಂದು ಕೇಳಬಹುದು. ಕಾರಣ ಸರಳವಾಗಿದೆ. ಗ್ರಾಫಿಕ್ಸ್ ಕಾರ್ಡ್ ಸಾಲದೆ ಬಂದರೆ ಎರಡು ವರ್ಷ ಬಿಟ್ಟು ಬದಲಾಯಿಸಬಹುದು. ಮದರ್‌ಬೋರ್ಡ್ ಹಾಗಲ್ಲ. ಪ್ರೊಸೆಸರ್ ಯಾವ ಜಾತಿಯದು, ರ‍್ಯಾಮ್ ಯಾವ ಬಗೆಯದು, ಕ್ಯಾಬಿನೆಟ್ ಎಷ್ಟು ದೊಡ್ಡದು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಅದನ್ನು ಬದಲಾಯಿಸುವುದೆಂದರೆ ಪಾತ್ರೆಪಡಗವನ್ನೆಲ್ಲ ಹೊರಗಿಟ್ಟು ಮನೆಯ ನೆಲವನ್ನೇ ಅಗೆದಂತೆ. ಅನೇಕ ವೇಳೆ ಅದರೊಡನೆ ಪ್ರೊಸೆಸರನ್ನೂ ರ‍್ಯಾಮನ್ನೂ ಮತ್ತೆ ಕೊಳ್ಳಬೇಕಾಗುತ್ತದೆ. ಸಂಬಳದಲ್ಲಿ ಉಳಿಸಿದ ಹಣ ಎರಡು ಬಾರಿ ಖರ್ಚಾಗುವುದು ಇಲ್ಲಿಯೇ.

ಚಿಕ್ಕ ಪೆಟ್ಟಿಗೆಯ ಆಸೆ ನಮ್ಮಂಥವರಿಗೆ ಬರಿಯ ಶೋಕಿಯಲ್ಲ. ಮುಂಬಯಿಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿದವರಿಗೆ, ಇಂದು ಪುಣೆ ನಾಳೆ ದೆಹಲಿ ಎಂದು ವರ್ಗವಾಗುವವರಿಗೆ, ಗಂಟುಮೂಟೆ ಕಟ್ಟುವ ಕಷ್ಟ ಹೊಸದೇನಲ್ಲ. ಊಟದ ಮೇಜೇ ಓದುವ ಮೇಜೂ ಆಗಿರುವ ಮನೆಗಳಲ್ಲಿ ದೊಡ್ಡ ಡಬ್ಬವೊಂದಕ್ಕೆ ಜಾಗ ಹುಡುಕುವುದು ಸುಲಭವಲ್ಲ. ಮಗ ಇನ್ನೆರಡು ವರ್ಷಗಳಲ್ಲಿ ಹಾಸ್ಟೆಲಿಗೆ ಹೊರಟರೆ ಕಂಪ್ಯೂಟರೂ ಅವನೊಡನೆ ರೈಲು ಹತ್ತಬೇಕು. ಆದುದರಿಂದ ಚಿಕ್ಕದು ಬೇಕೆನ್ನುವುದು ನ್ಯಾಯವೇ. ಎಷ್ಟು ಚಿಕ್ಕದು ಎಂಬುದೇ ಪ್ರಶ್ನೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಅಳತೆಗಳಿವೆ. ಇಂಟೆಲ್ ಕಂಪನಿ 1995ರಲ್ಲಿ ತಂದ ಎಟಿಎಕ್ಸ್ ಅಳತೆಯ ಬೋರ್ಡ್ 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ. ಅಂದರೆ ಉದ್ದದಲ್ಲಿ ಒಂದು ಅಡಿ. 1997ರಲ್ಲಿ ಬಂದ ಮೈಕ್ರೋ ಎಟಿಎಕ್ಸ್ ನಾಲ್ಕೂ ಕಡೆ 244 ಮಿಲಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ವಿಯಾ ಎಂಬ ತೈವಾನಿನ ಕಂಪನಿ 2001ರಲ್ಲಿ ಹೊರತಂದ ಮಿನಿ ಐಟಿಎಕ್ಸ್ ನಾಲ್ಕೂ ಕಡೆ 170 ಮಿಲಿಮೀಟರ್ ಮಾತ್ರ; ಒಂದು ಗೇಣಿಗೂ ಕಡಿಮೆ. ಮನೆಯಲ್ಲಿ ಕಟ್ಟುವ ಚಿಕ್ಕ ಕಂಪ್ಯೂಟರಿಗೆ ಕೊನೆಯ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ.

ಚಿಕ್ಕ ಬೋರ್ಡ್ ಎಂದರೆ ನಿಧಾನದ ಬೋರ್ಡ್ ಎಂದು ಎಣಿಸುವವರುಂಟು. ಅದು ತಪ್ಪು. ಒಂದೇ ಪ್ರೊಸೆಸರ್, ಒಂದೇ ಗ್ರಾಫಿಕ್ಸ್ ಕಾರ್ಡ್, ಒಂದೇ ರ‍್ಯಾಮ್ ಹಾಕಿದರೆ ಅಂಗೈಯಗಲದ ಬೋರ್ಡಿನ ಮೇಲೆ ಆಟ ಎಷ್ಟು ಚುರುಕಾಗಿ ಓಡುತ್ತದೆಯೋ ಅಡಿಯುದ್ದದ ಬೋರ್ಡಿನ ಮೇಲೂ ಸುಮಾರಾಗಿ ಅಷ್ಟೇ. ಚಿಕ್ಕ ಬೋರ್ಡ್ ನಮ್ಮಿಂದ ಕಸಿದುಕೊಳ್ಳುವುದು ವೇಗವನ್ನಲ್ಲ, ಮುಂದೆ ಏನನ್ನಾದರೂ ಸೇರಿಸಿಕೊಳ್ಳುವ ಅವಕಾಶವನ್ನು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ವಿಚಾರವೆಲ್ಲ ತಾನಾಗಿಯೇ ತಿಳಿಯಾಗುತ್ತದೆ.

ಮಿನಿ ಐಟಿಎಕ್ಸ್ ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟ್ ಇರುವುದು ಒಂದೇ. ಅದನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ಮೇಲೆ ಬೇರೆ ಯಾವ ಕಾರ್ಡಿಗೂ ಜಾಗವಿಲ್ಲ. ರ‍್ಯಾಮಿಗೆ ಸಾಮಾನ್ಯವಾಗಿ ಎರಡು ಸ್ಲಾಟ್. ಎಂ.2 ಎಂಬ ತೆಳ್ಳನೆಯ ಡ್ರೈವಿಗೆ ಒಂದೋ ಎರಡೋ ಜಾಗ. ಎರಡನೆಯದು ಹಲವು ಬೋರ್ಡುಗಳಲ್ಲಿ ಬೆನ್ನ ಕಡೆಗಿರುತ್ತದೆ. ಮುಂದೆ ಅಲ್ಲಿ ಡ್ರೈವ್ ಹಾಕಬೇಕಾದರೆ ಇಡೀ ಬೋರ್ಡನ್ನೇ ಬಿಚ್ಚಬೇಕಾದೀತು. ಮೈಕ್ರೋ ಎಟಿಎಕ್ಸಿನಲ್ಲಿ ನಾಲ್ಕರವರೆಗೆ ಸ್ಲಾಟುಗಳಿರಬಹುದು. ರ‍್ಯಾಮಿಗೆ ಎರಡೋ ನಾಲ್ಕೋ. ಫ್ಯಾನಿನ ತಂತಿ ಸಿಕ್ಕಿಸುವ ಕಡೆಗಳೂ ಹೆಚ್ಚು.

ಬೆಲೆಯ ವಿಚಾರದಲ್ಲಿ ಮೊದಲ ಬಾರಿಗೆ ಕೊಳ್ಳುವವರಿಗೆ ಆಶ್ಚರ್ಯ ಕಾದಿರುತ್ತದೆ. ಬಟ್ಟೆ ಕಡಿಮೆಯಾದರೆ ಹೊಲಿಗೆಯ ಕೂಲಿ ಕಡಿಮೆಯಾಗುವುದಿಲ್ಲ ಎಂಬುದನ್ನು ದರ್ಜಿಯ ಅಂಗಡಿಗೆ ಹೋದವರೆಲ್ಲ ಬಲ್ಲರು. ಇಲ್ಲಿಯೂ ಹಾಗೆಯೇ. ಅಷ್ಟೇ ಕೆಲಸ ಮಾಡುವ ಭಾಗಗಳನ್ನು ಅರ್ಧದಷ್ಟು ಜಾಗದಲ್ಲಿ ಕೂರಿಸಬೇಕಾದರೆ ಫಲಕಕ್ಕೆ ಹೆಚ್ಚು ಪದರಗಳು ಬೇಕು. ಕೊಳ್ಳುವವರೂ ಕಡಿಮೆ. ಆದುದರಿಂದ ಸಮಾನ ದರ್ಜೆಯ ಮಿನಿ ಐಟಿಎಕ್ಸ್ ಬೋರ್ಡಿಗೆ ಮೈಕ್ರೋ ಎಟಿಎಕ್ಸ್‌ಗಿಂತ ಸಾಮಾನ್ಯವಾಗಿ ಹೆಚ್ಚು ಬೆಲೆ. ಖರ್ಚು ಅಲ್ಲಿಗೂ ನಿಲ್ಲುವುದಿಲ್ಲ. ಬಹಳ ಚಿಕ್ಕ ಕ್ಯಾಬಿನೆಟ್‌ಗಳಿಗೆ ಮಾಮೂಲಿ ಎಸ್‌ಎಂಪಿಎಸ್ ಹಿಡಿಸುವುದಿಲ್ಲ. ಎಸ್‌ಎಫ್‌ಎಕ್ಸ್ ಎಂಬ ಕಿರಿಯ ಅಳತೆಯದು ಬೇಕು, ಅದೂ ತುಟ್ಟಿ. ಪ್ರೊಸೆಸರಿನ ಮೇಲೆ ಕೂರುವ ಕೂಲರ್ ಗಿಡ್ಡಾಗಿರಬೇಕು. ಗ್ರಾಫಿಕ್ಸ್ ಕಾರ್ಡಿನ ಉದ್ದವನ್ನೂ ದಪ್ಪವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು.

ಹಾಗಾದರೆ ನಮ್ಮ ಸಲಹೆಯೇನು? ಕ್ಯಾಬಿನೆಟ್ಟಿನ ಗಾತ್ರವನ್ನು ಲೀಟರಿನಲ್ಲಿ ಹೇಳುವ ರೂಢಿಯಿದೆ. ಮಿನಿ ಐಟಿಎಕ್ಸ್‌ಗೆಂದೇ ಮಾಡಿದ ಪೆಟ್ಟಿಗೆಗಳಲ್ಲಿ 10ರಿಂದ 15 ಲೀಟರಿನವು ಸಿಗುತ್ತವೆ. ಒಂದು ಕೊಡ ನೀರು ಹಿಡಿಯುವಷ್ಟು ಜಾಗ. ಮೈಕ್ರೋ ಎಟಿಎಕ್ಸಿನ ಅಡಕವಾದ ಪೆಟ್ಟಿಗೆಗಳು ಸುಮಾರಾಗಿ ಎರಡು ಕೊಡದಷ್ಟು. ಕಂಪ್ಯೂಟರ್ ವರ್ಷಕ್ಕೆ ಹಲವು ಬಾರಿ ಚೀಲದಲ್ಲಿ ಪ್ರಯಾಣ ಮಾಡುವುದಾದರೆ, ಅಥವಾ ಕಪಾಟಿನ ಒಂದು ಖಾನೆಯಲ್ಲೇ ಅದು ಇರಬೇಕಾದರೆ, ಮಿನಿ ಐಟಿಎಕ್ಸಿಗೆ ಹೆಚ್ಚು ಹಣ ಕೊಡುವುದು ಸಾರ್ಥಕ. ಮೇಜಿನ ಕೆಳಗೆ ಒಂದು ಮೂಲೆ ಸಿಕ್ಕರೆ ಸಾಕು, ಮನೆ ಬದಲಾಯಿಸುವಾಗ ಮಾತ್ರ ಎತ್ತುವುದು ಎನ್ನುವ ಸಂಸಾರಕ್ಕೆ ಮೈಕ್ರೋ ಎಟಿಎಕ್ಸ್ ಮೇಲು. ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿದರೆ ಆಟದಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ.

ಅಳತೆ ನಿಶ್ಚಯವಾದ ಮೇಲೆ ಸಾಕೆಟ್. ಪ್ರೊಸೆಸರ್ ಕೂರುವ ಪೀಠ ಇದು. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು. ಆ ವರ್ಷದ ರೈಜನ್ 7000 ಸಾಲಿನ ಪ್ರೊಸೆಸರುಗಳೂ 2024ರ 9000 ಸಾಲಿನವೂ ಅದೇ ಪೀಠದಲ್ಲಿ ಕೂರುತ್ತವೆ. ಅದಕ್ಕೂ ಹಿಂದಿನ ಎಎಂ4 ಸಾಕೆಟಿನ ಕಥೆಯನ್ನು ಮೆಚ್ಚಲೇಬೇಕು. 2017ರಲ್ಲಿ ಕೊಂಡ ಎಷ್ಟೋ ಬೋರ್ಡುಗಳು, ಬಯಾಸ್ ಎಂಬ ಒಳತಂತ್ರಾಂಶವನ್ನು ಹೊಸದು ಮಾಡಿದ ಮೇಲೆ, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನೂ ಓಡಿಸಿದವು. ಇಂಟೆಲ್ ಸಾಕೆಟನ್ನು ಇಷ್ಟು ದೀರ್ಘಕಾಲ ಉಳಿಸಿಕೊಂಡಿಲ್ಲ. 2021ರ ಎಲ್‌ಜಿಎ1700 ಸಾಕೆಟ್ 12, 13, 14ನೆಯ ಪೀಳಿಗೆಗಳಿಗೆ ಒದಗಿತು. 2024ರ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ1851 ಎಂಬ ಬೇರೆ ಪೀಠವೇ ಬಂತು. ಐದಾರು ವರ್ಷ ಒಂದೇ ಬೋರ್ಡಿನಲ್ಲಿ ಕಳೆಯಬೇಕೆನ್ನುವ ಮನೆಗಳು ಈ ಚರಿತ್ರೆಯನ್ನು ಗಮನಿಸುವುದು ಒಳ್ಳೆಯದು.

ರ‍್ಯಾಮಿನ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಎಎಂ5ಕ್ಕೂ ಎಲ್‌ಜಿಎ1851ಕ್ಕೂ ಡಿಡಿಆರ್5 ರ‍್ಯಾಮೇ ಬೇಕು. ಎಲ್‌ಜಿಎ1700ರಲ್ಲಿ ಮಾತ್ರ ಕೆಲವು ಬೋರ್ಡುಗಳು ಡಿಡಿಆರ್4, ಕೆಲವು ಡಿಡಿಆರ್5. ಒಂದರ ಸ್ಟಿಕ್ ಇನ್ನೊಂದಕ್ಕೆ ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆ ಬಹಳ ಏರಿತು. ಆದುದರಿಂದ ಹಳೆಯ ಕಂಪ್ಯೂಟರಿನ ಡಿಡಿಆರ್4 ಮನೆಯಲ್ಲಿದ್ದರೆ ಅದನ್ನು ಒಪ್ಪುವ ಬೋರ್ಡನ್ನು ಹುಡುಕುವುದೂ ಒಂದು ದಾರಿ. ಹೊಸದಾಗಿ ಕೊಳ್ಳುವವರು ಎರಡೇ ಸ್ಲಾಟೆಂದು ಕೊರಗಬೇಕಾಗಿಲ್ಲ. ನಾಲ್ಕನ್ನೂ ತುಂಬಿದರೆ ಡಿಡಿಆರ್5 ಸಾಮಾನ್ಯವಾಗಿ ವೇಗ ಇಳಿಸಿಕೊಂಡೇ ಓಡುತ್ತದೆ. ಆದರೆ ಎರಡೇ ಇರುವಲ್ಲಿ 8 ಜಿಬಿಯ ಎರಡು ಸ್ಟಿಕ್ ತುಂಬಿಬಿಟ್ಟರೆ ಮುಂದೆ ಹೆಚ್ಚಿಸುವಾಗ ಅವೆರಡನ್ನೂ ಕಿತ್ತಿಡಬೇಕು. ಆಗುವುದಾದರೆ 16 ಜಿಬಿಯ ಎರಡನ್ನು ಒಟ್ಟಿಗೇ ಕೊಳ್ಳಿ. ಆಗದಿದ್ದರೆ ಸದ್ಯಕ್ಕೆ 16ರ ಒಂದನ್ನು ಹಾಕಿ ಇನ್ನೊಂದು ಸ್ಲಾಟನ್ನು ಖಾಲಿ ಬಿಡಬಹುದು. ಅಲ್ಲಿಯವರೆಗೆ ವೇಗ ಕೊಂಚ ಕಡಿಮೆಯಾದರೂ ಕೊಂಡದ್ದು ವ್ಯರ್ಥವಾಗದು.

ಇನ್ನು ಚಿಪ್‌ಸೆಟ್ಟಿನ ಹೆಸರುಗಳು. ಎಎಂಡಿಯಲ್ಲಿ ಎ620, ಬಿ650, ಬಿ850, ಎಕ್ಸ್870. ಇಂಟೆಲಿನಲ್ಲಿ ಎಚ್610, ಬಿ760, ಝಡ್790. ಈ ಅಕ್ಷರಗಳನ್ನು ಕಂಡು ಬೆದರಬೇಕಾಗಿಲ್ಲ. ಎ ಮತ್ತು ಎಚ್ ಮಿತವ್ಯಯದವು, ಬಿ ಮಧ್ಯಮ, ಎಕ್ಸ್ ಮತ್ತು ಝಡ್ ವೈಭವದವು. ಇಂಟೆಲ್ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚಾಗಿ ಓಡಿಸುವ ಹುಚ್ಚಿಗೆ ಝಡ್ ಬೇಕು. ಎಎಂಡಿಯಲ್ಲಿ ಆ ಅನುಕೂಲ ಬಿ ದರ್ಜೆಯ ಬಿ650ರಲ್ಲೇ ಉಂಟು. ಸಾಮಾನ್ಯ ಮನೆಗೆ ಬಿ ದರ್ಜೆ ಧಾರಾಳವಾಗಿ ಸಾಕು. ಬಣ್ಣದ ದೀಪಗಳಿಗೆ ಕೊಡುವ ಹಣದಿಂದ ಆಟದ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಹಣ ಕೊಡಬೇಕಾದುದು ಎಲ್ಲಿ ಎಂದರೆ, ಪ್ರೊಸೆಸರಿನ ಪಕ್ಕದಲ್ಲಿ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗದಲ್ಲಿ. ವಿಆರ್‌ಎಂ ಎಂದು ಅದರ ಹೆಸರು. ಅದು ಕಾಯುತ್ತದೆ, ಮಿತಿಮೀರಿ ಕಾದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಚೆನ್ನೈಯ ಮೇ ತಿಂಗಳಿನಲ್ಲೋ ದೆಹಲಿಯ ಜೂನಿನಲ್ಲೋ ಎ.ಸಿ. ಇಲ್ಲದ ಕೋಣೆಯಲ್ಲಿ, ಒಂದು ಕೊಡದಷ್ಟು ಗಾತ್ರದ ಪೆಟ್ಟಿಗೆಯೊಳಗೆ, ಈ ಕಾವು ಸಣ್ಣ ವಿಷಯವಲ್ಲ. ಆ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಗಟ್ಟಿಯಾಗಿ ಕುಳಿತಿರುವ ಬೋರ್ಡನ್ನೇ ಆರಿಸಿ. ಹೆಚ್ಚು ವಿದ್ಯುತ್ ಕುಡಿಯುವ ಪ್ರೊಸೆಸರಿಗಿಂತ 65 ವಾಟ್ ದರ್ಜೆಯದು ಚಿಕ್ಕ ಪೆಟ್ಟಿಗೆಗೆ ಹೊಂದುತ್ತದೆ. ವೈಫೈ ಬೋರ್ಡಿನಲ್ಲೇ ಇರಲಿ. ಬಾಡಿಗೆ ಮನೆಯ ಗೋಡೆಗೆ ತಂತಿ ಹೊಡೆಯಲು ಯಜಮಾನರು ಒಪ್ಪಬೇಕಲ್ಲ!

ಕೊಳ್ಳುವ ಜಾಗ ನಿಮಗೆ ಗೊತ್ತಿರುವುದೇ: ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ದೆಹಲಿಗೆ ನೆಹರೂ ಪ್ಲೇಸ್, ಚೆನ್ನೈಗೆ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿಗೆ ಸಿ.ಟಿ.ಸಿ. ದಸರೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು, ಆ ಕಂಪನಿಯ ಸರ್ವಿಸ್ ಸೆಂಟರ್ ತಾವು ವಾಸಿಸುವ ನಗರದಲ್ಲಿದೆಯೇ ಎಂದು ಮೊದಲು ವಿಚಾರಿಸಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆಂದರೆ ಒಪ್ಪಬೇಡಿ. ವಾರಂಟಿಗೆ ಆ ಕಾಗದವೇ ಆಧಾರ. ಅಂಗಡಿಯಲ್ಲೇ ಡಬ್ಬ ತೆಗೆಸಿ ಸಾಕೆಟಿನ ಸೂಜಿಗಳನ್ನು ಬೆಳಕಿಗೆ ಹಿಡಿದು ನೋಡಿ. ಈಗಿನ ಸಾಕೆಟುಗಳಲ್ಲಿ ಕೂದಲಿನಂಥ ಸೂಜಿಗಳು ಬೋರ್ಡಿನ ಮೇಲೆಯೇ ಇರುತ್ತವೆ. ಒಂದು ಬಾಗಿದರೂ ತೊಂದರೆ, ಮನೆಗೆ ತಂದ ಮೇಲೆ ಹೇಳಿದರೆ ಯಾರೂ ಕೇಳರು. ಸಾಕೆಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಎತ್ತಿಡಿ. ಹೊಸ ಪ್ರೊಸೆಸರನ್ನು ಹಳೆಯ ಸಂಗ್ರಹದ ಬೋರ್ಡಿಗೆ ಹಾಕುವುದಾದರೆ ಅಂಗಡಿಯವರಿಂದಲೇ ಬಯಾಸ್ ಹೊಸದು ಮಾಡಿಸಿಕೊಳ್ಳಿ.

ಕಡೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯನ್ನು ಕೊಳ್ಳುವವರೂ ನಾವೇ ಆದುದರಿಂದ ಕಾಲು ಎಷ್ಟು ಬೆಳೆದೀತೆಂದು ಮೊದಲೇ ಯೋಚಿಸಬೇಕು. ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿ: ಈ ಪೆಟ್ಟಿಗೆ ಎಲ್ಲಿ ಕೂರುತ್ತದೆ? ವರ್ಷಕ್ಕೆ ಎಷ್ಟು ಬಾರಿ ಊರು ಬದಲಾಯಿಸುತ್ತದೆ? ಮುಂದಿನ ಐದು ವರ್ಷಗಳಲ್ಲಿ ಇದಕ್ಕೆ ಏನನ್ನು ಸೇರಿಸುವ ಆಸೆಯಿದೆ? ಆ ಉತ್ತರಗಳಿಗೆ ಹೊಂದುವ ಬೋರ್ಡೇ ಸರಿಯಾದ ಬೋರ್ಡು. ಹಾಗೆ ಬರೆಯುತ್ತ ಕುಳಿತ ಮಗುವಿಗೆ ಕಂಪ್ಯೂಟರಿನ ಒಳಗೂ ತಿಳಿಯುತ್ತದೆ, ಮನೆಯ ಆಯವ್ಯಯವೂ ತಿಳಿಯುತ್ತದೆ. ಆಟದ ಯಂತ್ರದಿಂದ ಇಷ್ಟು ವಿದ್ಯೆ ದೊರೆತರೆ ಕೊಟ್ಟ ಹಣಕ್ಕೆ ಮೋಸವಿಲ್ಲವೆಂದೇ ನಮ್ಮ ಎಣಿಕೆ.