ಮನೆಯಲ್ಲಿ ಮಕ್ಕಳೊಡನೆ ಕ್ರಿಸ್ಮಸ್ ತಾತನ ಚಿತ್ರ

ಡಿಸೆಂಬರು ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳು ಕೆಂಪು ಬಣ್ಣದ ಕಡ್ಡಿಯನ್ನು ಹುಡುಕತೊಡಗುವರು. ನಕ್ಷತ್ರವನ್ನು ಕಟ್ಟುವದೂ ಗೋದಲಿಯನ್ನು ಸಿಂಗರಿಸುವದೂ ಹೆಚ್ಚಾಗಿ ಹಿರಿಯರ ಪಾಲಿಗೆ ಬರುತ್ತವೆ. ಕ್ರಿಸ್ಮಸ್ ತಾತನ ಚಿತ್ರವಾದರೋ ಮಕ್ಕಳ ಸ್ವಂತ ಸೊತ್ತು. ಈ ಸಣ್ಣ ಕೆಲಸದಲ್ಲಿ ತಾಯಿತಂದೆಗಳು ನಡೆದುಕೊಳ್ಳುವ ರೀತಿಯ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ನಮ್ಮ ಅಭಿಪ್ರಾಯವನ್ನು ಇಡಬೇಕೆಂದಿದ್ದೇವೆ.

ಈಗ ಅನೇಕ ಮನೆಗಳಲ್ಲಿ ನಡೆಯುವದೇನು? ಗೆರೆಗಳನ್ನು ಮೊದಲೇ ಅಚ್ಚುಹಾಕಿದ ಹಾಳೆಯನ್ನು ಮಗುವಿನ ಮುಂದಿಟ್ಟು, ಗೆರೆ ದಾಟದಂತೆ ಬಣ್ಣ ತುಂಬು ಎನ್ನುತ್ತೇವೆ. ಬರಿಯ ಹಾಳೆಯನ್ನು ಕೊಟ್ಟರೂ ಮಗ್ಗುಲಲ್ಲಿ ಕುಳಿತು, ಮೂಗು ಹೀಗಲ್ಲ, ಟೊಪ್ಪಿ ಹಾಗಲ್ಲ ಎಂದು ತಿದ್ದುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಮಗುವು, "ನನಗೆ ಬರುವದಿಲ್ಲ, ನೀನೇ ಬರೆದುಕೊಡಮ್ಮಾ" ಎನ್ನುವದು. ಐದು ವರುಷದ ಕೂಸಿನ ಬಾಯಲ್ಲಿ ಈ ಮಾತು ಹುಟ್ಟುವದನ್ನು ನಾವು ಹಗುರವಾಗಿ ಎಣಿಸಲಾರೆವು. ಇಂದು ಚಿತ್ರದ ವಿಷಯವಾಗಿ ಹೇಳಿದ್ದನ್ನು ನಾಳೆ ಲೆಕ್ಕದ ವಿಷಯವಾಗಿಯೂ ಅದು ಹೇಳೀತು.

ಅಷ್ಟಕ್ಕೂ, ತಿದ್ದುವದಕ್ಕೆ ಸರಿಯಾದ ತಾತನು ಯಾವನು? 1823ರಲ್ಲಿ ಅಮೇರಿಕದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಪ್ರಕಟವಾದ ಪದ್ಯವೊಂದು ಅವನನ್ನು ತುಪ್ಪುಳದ ಉಡುಪಿನ ಪುಟ್ಟ ಮಾಯಾವಿಯನ್ನಾಗಿ ಮಾಡಿ, ಎಂಟು ಹಿಮಸಾರಂಗಗಳು ಎಳೆಯುವ ಪುಟ್ಟ ಬಂಡಿಯಲ್ಲಿ ಕೂರಿಸಿತು. 1863ರ ಜನವರಿಯಲ್ಲಿ ಥಾಮಸ್ ನಾಸ್ಟ್ ಎಂಬ ಚಿತ್ರಕಾರನು ಹಾರ್ಪರ್ಸ್ ವೀಕ್ಲಿ ಪತ್ರಿಕೆಯಲ್ಲಿ, ನಕ್ಷತ್ರಗಳ ಮತ್ತು ಪಟ್ಟೆಗಳ ಉಡುಪನ್ನು ತೊಡಿಸಿ, ಅಂತರ್ಯುದ್ಧದ ಸೈನಿಕರಿಗೆ ಕಾಣಿಕೆ ಹಂಚುವವನಾಗಿ ಅವನನ್ನು ಚಿತ್ರಿಸಿದನು. ಹ್ಯಾಡನ್ ಸಂಡ್‌ಬ್ಲಾಮ್ ಎಂಬವನು 1931ರಿಂದ ಕೋಕಾಕೋಲಾ ಕಂಪೆನಿಯ ಜಾಹೀರಾತುಗಳಿಗಾಗಿ ಬರೆದ ದಪ್ಪ ಹೊಟ್ಟೆಯ ನಗುಮುಖದವನೇ ಇಂದು ಲೋಕವೆಲ್ಲ ಬಲ್ಲ ತಾತನು. (ಕೆಂಪು ಅಂಗಿಯು ಆ ಕಂಪೆನಿಯಿಂದಲೇ ಹುಟ್ಟಿತೆಂಬ ಮಾತು ಸರಿಯಲ್ಲ, ಅದು ಮೊದಲೇ ಇತ್ತು.) ಸಂಡ್‌ಬ್ಲಾಮನು ಮೊದಲು ತನ್ನ ಮಿತ್ರನೊಬ್ಬನನ್ನೂ ತರುವಾಯ ಕನ್ನಡಿಯಲ್ಲಿ ತನ್ನ ಮುಖವನ್ನೂ ನೋಡಿ ಬರೆದನಂತೆ. ಹಾಗಾದರೆ ನಮ್ಮ ಹುಡುಗಿಯು ತನ್ನ ಅಜ್ಜನ ಮೂಗನ್ನು ಅವನಿಗೆ ಇಟ್ಟರೆ ತಪ್ಪೇನು?

ಇವರೆಲ್ಲರಿಗಿಂತ ಹಿಂದೆ, ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿ ದೇಶಕ್ಕೆ ಸೇರಿದ ಮೈರಾ ಎಂಬ ಊರಿನ ಬಿಷಪನಾದ ನಿಕೋಲಾಸನು ನಿಂತಿದ್ದಾನೆ. ಹೆಣ್ಣುಮಕ್ಕಳಿಗೆ ವರದಕ್ಷಿಣೆ ಒದಗಿಸಲಾರದೆ ಅವರನ್ನು ಕೆಟ್ಟ ಬಾಳಿಗೆ ನೂಕಲಿದ್ದ ಬಡ ತಂದೆಯೊಬ್ಬನ ಮನೆಯೊಳಗೆ, ಅವನು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ಮೂರು ಹೊನ್ನಿನ ಗಂಟುಗಳನ್ನು ಎಸೆದನೆಂಬ ಕಥೆಯುಂಟು. ತಾತನ ಬೆನ್ನಿನ ಚೀಲವನ್ನು ಬರೆಯುವಾಗ ಮಗಳಿಗೆ ಇದನ್ನು ಹೇಳಬಾರದೇ? ವರದಕ್ಷಿಣೆಯನ್ನು 1961ರಲ್ಲಿಯೇ ಕಾನೂನು ನಿಷೇಧಿಸಿದ್ದರೂ, ಆ ತಂದೆಯ ಚಿಂತೆಯು ನಮ್ಮ ನೆರೆಹೊರೆಗೆ ಅಪರಿಚಿತವಲ್ಲ.

ಮಾದರಿಯಿಲ್ಲದೆ ಕೈ ಪಳಗುವದು ಹೇಗೆ, ನಮ್ಮ ತಾಯಂದಿರು ಚುಕ್ಕಿಯಿಟ್ಟು ರಂಗವಲ್ಲಿಯನ್ನು ಕಲಿಸಲಿಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ರಂಗವಲ್ಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಇಡೀ ಬಳ್ಳಿಯು ಕೆಡುವದು. ಅಲ್ಲಿ ಶಿಸ್ತೇ ಸೊಬಗು. ಮುಖದ ಚಿತ್ರವು ಅಂಥದಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಚಿಝೆಕ್ ಎಂಬವರು 1897ರಲ್ಲಿ ಮಕ್ಕಳ ಚಿತ್ರಶಾಲೆಯನ್ನು ತೆರೆದು, ನಕಲು ಮಾಡಿಸದೆ ಅವರ ಮನಸ್ಸಿನಲ್ಲಿದ್ದುದನ್ನೇ ಬರೆಯಿಸಿದರು. ಎರಡು ವಿದ್ಯೆಗಳೂ ಮನೆಯಲ್ಲಿರಲಿ. ಒಂದರ ಕಟ್ಟಳೆಯನ್ನು ಇನ್ನೊಂದರ ಮೇಲೆ ಹೇರುವದು ಬೇಡ.

ತಾಯಿಗೆ ಮಾಡಲು ಕೆಲಸವಿಲ್ಲವೆಂದಲ್ಲ. ಆಕೆಯೂ ತನ್ನದೇ ಹಾಳೆಯನ್ನು ಹಿಡಿದು ಕುಳಿತುಕೊಳ್ಳಲಿ. ಹಳೆಯ ಮದುವೆಯ ಕರೆಯೋಲೆಯ ಹಿಂಬದಿಯಾದರೂ ಸಾಕು. ಗಡ್ಡದಿಂದ ಆರಂಭಿಸುವದು ಲೇಸು, ಯಾಕಂದರೆ ಗಡ್ಡವು ಅರ್ಧ ಮುಖವನ್ನು ಮುಚ್ಚಿ ಕೆಲಸವನ್ನು ಹಗುರಮಾಡುತ್ತದೆ. ಬಿಳಿಯ ಹಾಳೆಯ ಮೇಲೆ ಬಿಳಿಯ ಗಡ್ಡವನ್ನು ತೋರಿಸುವದು ಹೇಗೆಂದು ಮಗುವನ್ನೇ ಕೇಳಿರಿ. ಸುತ್ತಲೂ ತಿಳಿನೀಲಿಯನ್ನು ಬಳಿದರೆ ಗಡ್ಡವು ತಾನಾಗಿ ಎದ್ದುಕಾಣುವದೆಂದು ಅದು ಸ್ವತಃ ಕಂಡುಕೊಂಡೀತು. ಕಾಣದೆ ಗಡ್ಡಕ್ಕೆ ಹಸುರು ಬಳಿದರೂ ಇರಲಿ. ಮುಗಿದ ಮೇಲೆ ಹಿಂದುಗಡೆ ಮಗುವಿನ ಹೆಸರನ್ನೂ ವರುಷವನ್ನೂ ಬರೆದು, ಹಬ್ಬಕ್ಕೆ ಬರುವ ನೆಂಟರ ಕಣ್ಣಿಗೆ ಬೀಳುವಲ್ಲಿ ಗೋಡೆಗೆ ಅಂಟಿಸಿರಿ.