ಬೀರುವಿನ ಬೀಗ ತೆಗೆಯಿರಿ

ಹೋದ ತಿಂಗಳು ಹಳೇ ಪೇಪರು ಹಾಕಲು ನಮ್ಮ ಬಡಾವಣೆಯ ಗುಜರಿ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದು ನಿಂತಿದ್ದ ಆಟೋದಿಂದ ಮೂರು ಗೋಣಿಚೀಲ ಇಳಿದವು. ಅಂಗಡಿಯ ಹುಡುಗ ಚೀಲದ ಬಾಯಿ ಬಿಚ್ಚಿ ಒಳಗಿದ್ದ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದ. ಆಮೇಲೆ ಒಂದೊಂದನ್ನೇ ಎತ್ತಿಕೊಂಡು, ರಟ್ಟು ಕಿತ್ತು ಒಂದು ಕಡೆಗೆ, ಹಾಳೆ ಒಂದು ಕಡೆಗೆ ಎಸೆಯತೊಡಗಿದ. ರಟ್ಟಿಗೆ ಒಂದು ರೇಟು, ಹಾಳೆಗೆ ಇನ್ನೊಂದು ರೇಟು. ಅವನ ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಟೊಮೆಟೊ ಆರಿಸುವಷ್ಟು ಸಲೀಸಾಗಿ ಕೀಳುತ್ತಿದ್ದ.

ಆ ರಾಶಿಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ದಪ್ಪನೆಯದೊಂದು ಕಣ್ಣಿಗೆ ಬಿತ್ತು. ತೆಗೆದು ನೋಡಿದರೆ ಅದು ಅಂಗಡಿಯಲ್ಲಿ ಕೊಂಡ ಪುಸ್ತಕವೇ ಅಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿ. ವಾರವಾರವೂ ಹಾಳೆ ಕತ್ತರಿಸಿ, ಜೋಡಿಸಿ, ದಬ್ಬಳದಿಂದ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದಿದ್ದರು. ನಡುವೆ ಯಾವುದೋ ಒಂದು ಕಂತು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಅದನ್ನು ಯಾರ ಮನೆಯಿಂದಲೋ ತಂದು, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳಲ್ಲಿ ಪೂರ್ತಿ ಕೈಯಲ್ಲೇ ಬರೆದು ಅದರ ಜಾಗದಲ್ಲಿ ಸೇರಿಸಿದ್ದರು. ಒಂದು ಕಾಟೂ ಇಲ್ಲದ ಗುಂಡು ಅಕ್ಷರ. ಕೊನೆಯ ಹಾಳೆಯ ಹಿಂಬದಿಗೆ ನೀಲಿ ಶಾಯಿಯಲ್ಲಿ ಒಂದು ಪಟ್ಟಿ. ಮೇಷ್ಟ್ರ ಮನೆ. ಮೂಲೆಮನೆ ಅತ್ತೆ. ಪೋಸ್ಟ್‌ಮ್ಯಾನ್ ಹೆಂಡತಿ. ನರ್ಸಕ್ಕ. ಮತ್ತೆ ಮೂಲೆಮನೆ ಅತ್ತೆ. ಒಂದೊಂದರ ಮುಂದೆಯೂ ಕೊಟ್ಟ ತಾರೀಕು, ಬಂದ ತಾರೀಕು. ಎಣಿಸಿದೆ. 23 ಸಲ ಆ ಪುಸ್ತಕ ಮನೆಯಿಂದ ಹೊರಗೆ ಹೋಗಿ, ಓದಿಸಿಕೊಂಡು, ಮನೆಗೆ ಬಂದಿತ್ತು. ಕೊನೆಯ ತಾರೀಕು 1987ರದು.

"ಯಾರ ಮನೇದಪ್ಪಾ ಇವೆಲ್ಲ?" ಎಂದೆ.

"ಗೊತ್ತಿಲ್ಲ ಸಾರ್. ಅಜ್ಜಿ ಹೋಗ್ಬಿಟ್ರಂತೆ, ಮನೆ ಖಾಲಿ ಮಾಡ್ತಿದಾರೆ. ಬೇಕಾದ್ರೆ ತಗೊಳ್ಳಿ, ತೂಕಕ್ಕೆ ಹಾಕ್ತೀನಿ."

ತಕ್ಕಡಿ 600 ಗ್ರಾಂ ತೋರಿಸಿತು.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೊರೆಯುತ್ತಿತ್ತು. 1987ರಿಂದ ಈಚೆಗೆ ಆ ಪುಸ್ತಕ ಎಲ್ಲಿತ್ತು? ಬೀರುವಿನಲ್ಲಿತ್ತು. ಕೇಳುವವರು ನಿಂತರು, ಕೊಡುವವರೂ ನಿಂತರು. ಟಿ.ವಿ. ಬಂತು ಅನ್ನಿ, ಮೂಲೆಮನೆ ಅತ್ತೆ ಮಗನ ಊರಿಗೆ ಹೋಗಿಬಿಟ್ಟರು ಅನ್ನಿ, ಕಾರಣ ಯಾವುದಾದರೂ ಆಗಲಿ, ಅಂದಿನಿಂದ ಪುಸ್ತಕ ಹೊಸ್ತಿಲು ದಾಟಲಿಲ್ಲ. ದಾಟಿದ್ದು ಗೋಣಿಚೀಲದಲ್ಲೇ.

ಅಂದು ರಾತ್ರಿ ನನ್ನ ಬೀರುವಿನ ಮುಂದೆ ನಿಂತೆ. ಗಾಜಿನ ಬಾಗಿಲು, ಅದಕ್ಕೊಂದು ಬೀಗ, ಬೀಗದ ಕೈ ದೇವರ ಗೂಡಿನಲ್ಲಿ. ಸಾವಿರಕ್ಕೂ ಮೇಲ್ಪಟ್ಟು ಪುಸ್ತಕಗಳಿವೆ. ಕಳೆದ ಹತ್ತು ವರ್ಷದಲ್ಲಿ ಇವುಗಳಲ್ಲಿ ಎಷ್ಟನ್ನು ಬೇರೆಯವರ ಕೈಗೆ ಕೊಟ್ಟಿದ್ದೇನೆ ಎಂದು ನೆನಪು ಮಾಡಿಕೊಳ್ಳುತ್ತ ಕೂತೆ. ಹನ್ನೊಂದು. ಕೊಟ್ಟರೆ ವಾಪಸು ಬರುವುದಿಲ್ಲ, ಬಂದರೂ ಮೂಲೆ ಮಡಿಸಿರುತ್ತಾರೆ, ಕಾಫಿ ಚೆಲ್ಲಿರುತ್ತಾರೆ ಎನ್ನುವ ಭಯ. ಬೆಳಿಗ್ಗೆ ಐದಕ್ಕೆದ್ದು, ಮನೆಯವರು ಏಳುವ ಮೊದಲು ನಲವತ್ತು ಪುಟ ಓದಿದರೇ ನನಗೆ ಆ ದಿನ ದಿನವೆನಿಸುವುದು. ಆ ಸುಖವನ್ನು ಇಷ್ಟು ವರ್ಷ ಒಬ್ಬನೇ ಉಂಡಿದ್ದೇನೆ. ಪುಸ್ತಕಗಳನ್ನು ಪ್ರೀತಿಸಿದ್ದು ನಿಜ. ಓದನ್ನು ಅಷ್ಟೇ ಪ್ರೀತಿಸಿದ್ದರೆ ಹೀಗೆ ಬೀಗ ಹಾಕುತ್ತಿರಲಿಲ್ಲ.

ಓದುವ ಬಂಧುಗಳೇ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ಓದದವರನ್ನು ಬೈದು ಬರೆದ ಲೇಖನಗಳು ಬೇಕಾದಷ್ಟಿವೆ. ಕೇಳಬೇಕಾದದ್ದು ನಮ್ಮನ್ನು, ಯಾಕೆಂದರೆ ಸಾಲ ಇರುವುದು ನಮ್ಮ ಮೇಲೆ.

ನಾವು ಯಾರು ತಾನೇ ನಮ್ಮ ದುಡ್ಡಿನಲ್ಲಿ ಓದುಗರಾದವರು? ನಮ್ಮ ಮನೆಗೆ ಮೊದಲ ಕಾದಂಬರಿ ಕೊಂಡು ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಷ್ಟು ಹೊತ್ತಿಗಾಗಲೇ ಎದುರು ಮನೆಯ ಚಂದಮಾಮಗಳು ನನ್ನ ಕೈಯಲ್ಲಿ ಸವೆದಿದ್ದವು. ದೊಡ್ಡಪ್ಪನ ಮನೆಯಿಂದ ಬರುತ್ತಿದ್ದ ಕಸ್ತೂರಿಯಲ್ಲಿ ಕೊನೆಗಿರುವ ಪುಸ್ತಕ ವಿಭಾಗವನ್ನೇ ನಾನು ಮೊದಲು ಓದುತ್ತಿದ್ದೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಯಜಮಾನರು ದಿನದ ಬಾಡಿಗೆ ಬರೆದುಕೊಳ್ಳದೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಅಮ್ಮನಿಗೆಂದು ಕೊಟ್ಟು ಕಳಿಸುತ್ತಿದ್ದರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅವರೆಕಾಯಿ ಕಾಲದಲ್ಲಿ ಸಂಜೆ ಮೊರ ಮುಂದಿಟ್ಟುಕೊಂಡು ಅವಳು ಕಾಯಿ ಬಿಡಿಸಬೇಕು, ನಾನು ಗಟ್ಟಿಯಾಗಿ ಓದಬೇಕು. "ನಿಧಾನ ಓದೋ, ರೈಲು ಬಿಡಬೇಡ" ಎನ್ನುವಳು. ಕಥೆ ದುಃಖದ ಕಡೆಗೆ ತಿರುಗಿತೆಂದರೆ ಮೊರದ ಮೇಲೆ ಅವಳ ಕೈ ನಿಂತುಬಿಡುತ್ತಿತ್ತು. ಕಾಳು ಬೀಳುವ ಸದ್ದು ನಿಂತದ್ದು ಕೇಳಿ ನಾನು ತಲೆ ಎತ್ತುತ್ತಿದ್ದೆ. ಓದು ಅಂದರೆ ಏನು ಅಂತ ನನಗೆ ತಿಳಿದದ್ದು ಅಲ್ಲಿ. ಆ ಕಾದಂಬರಿಗಳಲ್ಲಿ ಒಂದೂ ನಮ್ಮದಾಗಿರಲಿಲ್ಲ.

ಪುಸ್ತಕವನ್ನು ಹಂಚಬೇಕು ಎನ್ನುವುದು ನಮ್ಮ ನಾಡಿಗೆ ಹೊಸ ಮಾತೇನೂ ಅಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ. ಸ್ವಲ್ಪ ನಿಂತು ಯೋಚಿಸಿ. ಅಚ್ಚಿನ ಮನೆ ಇಲ್ಲದ ಕಾಲ. ಪ್ರತಿಯೊಂದು ಓಲೆಗರಿಯನ್ನೂ ಹದ ಮಾಡಬೇಕು, ಲಿಪಿಕಾರರು ಕಬ್ಬಿಣದ ಲೇಖನಿ ಹಿಡಿದು ಪ್ರತಿಯೊಂದು ಅಕ್ಷರವನ್ನೂ ಕೊರೆಯಬೇಕು. ಹಾಗೆ ಒಂದೇ ಕಾವ್ಯವನ್ನು ಸಾವಿರ ಸಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳೂ ಅವಳೇ. ಗುಡಿ ಕಟ್ಟುವುದು, ಗ್ರಂಥ ಹಂಚುವುದು ಎರಡನ್ನೂ ಅವಳು ದಾನವೆಂದೇ ಎಣಿಸಿದಳು. ಇತ್ತ ಕಳೆದ ಶತಮಾನದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದರು. ಓದುಗ ಬರಲಿ ಎಂದು ಕಾಯಲಿಲ್ಲ, ಅವನ ಬಾಗಿಲಿಗೇ ಹೋದರು.

ನಮ್ಮ ಕಣ್ಣ ಮುಂದೆಯೇ ಇರುವವರನ್ನು ನೋಡಿ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಪುಸ್ತಕಗಳನ್ನು ಸೇರಿಸಿ ಬಾಗಿಲು ತೆರೆದಿಟ್ಟು ಕೂತಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಮೈಸೂರಿನ ಸೈಯದ್ ಇಸಾಕ್ ಕೂಲಿ ಕೆಲಸ ಮಾಡುವವರು. ತಮಗೆ ಸಿಗದ ಓದು ತಮ್ಮ ಬಡಾವಣೆಯ ಮಕ್ಕಳಿಗೆ ಸಿಗಲಿ ಎಂದು ಸ್ವಂತ ಕೂಲಿಯಲ್ಲಿ ಕನ್ನಡ ಪತ್ರಿಕೆ ತರಿಸಿ, ಪುಸ್ತಕ ಕೂಡಿಸಿ ಒಂದು ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಬಿತ್ತು. ಹನ್ನೊಂದು ಸಾವಿರದಷ್ಟು ಪುಸ್ತಕ ಬೂದಿಯಾಯಿತು. ಸುದ್ದಿ ಕೇಳಿ ನಾಡಿನ ಎಲ್ಲ ಕಡೆಯಿಂದ ಜನ ಪುಸ್ತಕ ಕಳಿಸಿದರು. ಆ ವಾರ ಅನೇಕ ಮನೆಗಳ ಬೀರು ತೆರೆಯಿತು. ತೆರೆಸಲು ಬೆಂಕಿಯೇ ಬೇಕಾಯಿತಲ್ಲ ಎನ್ನುವುದು ನನ್ನ ಸಂಕಟ.

ಇಷ್ಟಾಗಿಯೂ ಮದುವೆ ಮನೆಯಲ್ಲಿ, ವಾಕಿಂಗಿನಲ್ಲಿ, ಪುಸ್ತಕ ಬಿಡುಗಡೆಯ ಉಪ್ಪಿಟ್ಟು ಕಾಫಿಯ ನಡುವೆ ನಾವು ಆಡುವ ಮಾತು ಒಂದೇ: ಈಗಿನ ಮಕ್ಕಳು ಓದುವುದಿಲ್ಲ. ಯಾವ ಮಕ್ಕಳು? ಅಪ್ಪನ ಕೈಯಲ್ಲಿ ಪುಸ್ತಕವನ್ನೇ ಕಾಣದ ಮಕ್ಕಳೇ? ಪುಸ್ತಕ ಮುಟ್ಟಿದರೆ "ಕೊಳೆ ಮಾಡಬೇಡ, ಇಟ್ಟುಬಿಡು" ಎನ್ನಿಸಿಕೊಂಡ ಮಕ್ಕಳೇ? 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು 4.37 ಕೋಟಿ. ನಮ್ಮ ಪ್ರಕಾಶಕರು ಸಾವಿರ ಪ್ರತಿ ಅಚ್ಚು ಹಾಕಿಸಲು ಹಿಂದೆಮುಂದೆ ನೋಡುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ನಾವೆಲ್ಲ ಹೆಮ್ಮೆಪಟ್ಟೆವು, ಫೋಟೋ ಹಂಚಿದೆವು. ಆ ಕಥೆಗಳಲ್ಲಿ ಒಂದನ್ನಾದರೂ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿದೆವೇ? ನಾನು ಹೇಳಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ನಿಮ್ಮ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೇ ಗ್ರಂಥಾಲಯ ಕರ ಎಂದೊಂದು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಕೊಟ್ಟ ವ್ಯವಸ್ಥೆ ಅದು. 100 ರೂಪಾಯಿ ತೆರಿಗೆಗೆ 6 ರೂಪಾಯಿ. ಅಂದರೆ ನಿಮ್ಮ ಊರಿನ ಗ್ರಂಥಾಲಯವನ್ನು ನಡೆಸುತ್ತಿರುವವರಲ್ಲಿ ನೀವೂ ಒಬ್ಬರು. ದುಡ್ಡು ಕಟ್ಟಿ ಒಳಗೆ ಕಾಲಿಡದಿದ್ದರೆ, ಅಲ್ಲಿ ಏನು ಕೊಂಡರು, ಯಾಕೆ ಕೊಳ್ಳಲಿಲ್ಲ, ಕರದ ಹಣ ಪೂರ್ತಿ ಬಂತೇ ಎಂದು ಕೇಳುವವರು ಯಾರು? ಹಳ್ಳಿಗಳಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ 'ಓದುವ ಬೆಳಕು' ಎಂಬ ಅಭಿಯಾನ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವವನ್ನು ಉಚಿತ ಮಾಡಿದರು. ನಾನು ನೋಡಿದ ಒಂದರಲ್ಲಿ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹನ್ನೆರಡು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಕಾರಂತರ ಹೆಸರು ಹೇಳಿ ಒಬ್ಬಳು ಹುಡುಗಿ "ಇವರದು ಇನ್ನೊಂದು ಇದೆಯಾ ಅಂಕಲ್?" ಎಂದು ಕೇಳಿದಳು. ಆ ಕಪಾಟಿನಲ್ಲಿ ಇರಲಿಲ್ಲ. ನನ್ನ ಮನೆಯಲ್ಲಿ ಹದಿನಾರು ಇದ್ದವು, ಗಾಜಿನ ಹಿಂದೆ.

ಒಂದು ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದಾಗ ಮೊದಲನೆಯದನ್ನೇ ಪುಸ್ತಕದ ಬಳಕೆಗೆ ಮೀಸಲಿಟ್ಟರು. ಜೋಪಾನದ ಮಾತನ್ನು ಆ ಐದರಲ್ಲಿ ಎಲ್ಲಿಯೂ ಸೇರಿಸಲಿಲ್ಲ. ಸರಪಳಿ ಹೋಗಿ ನಮ್ಮ ಮನೆಗಳಲ್ಲಿ ಬೀಗ ಬಂದಿದೆ. ಎರಡಕ್ಕೂ ಏನು ವ್ಯತ್ಯಾಸ?

ಎಲ್ಲವನ್ನೂ ಕೊಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಮತ್ತೆ ಮತ್ತೆ ಓದುವವು, ಅಪ್ಪನ ಸಹಿ ಇರುವವು, ಯಾರೋ ಪ್ರೀತಿಯಿಂದ ಬರೆದುಕೊಟ್ಟವು ನಿಮ್ಮ ಹತ್ತಿರವೇ ಇರಲಿ. ಉಳಿದವನ್ನು ಕೈಯಲ್ಲಿ ಶಕ್ತಿ ಇರುವಾಗಲೇ, ಯಾವ ಪುಸ್ತಕ ಯಾರಿಗೆ ಎಂದು ಹೇಳುವ ಬಾಯಿ ಇರುವಾಗಲೇ ಕೊಡಿ. ನಾವು ಹೋದ ಮೇಲೆ ಮಕ್ಕಳಿಗೆ ಸಿಗುವುದು ಹದಿಮೂರು ದಿನದ ರಜೆ. ಅಷ್ಟರಲ್ಲಿ ಅವರು ಮನೆ ಖಾಲಿ ಮಾಡಬೇಕು, ಬ್ಯಾಂಕಿಗೆ ಓಡಾಡಬೇಕು. ಒಂದೊಂದು ಪುಸ್ತಕಕ್ಕೂ ಓದುಗನನ್ನು ಹುಡುಕು ಎಂದರೆ ಎಲ್ಲಿಂದ ಹುಡುಕಿಯಾರು? ಗೋಣಿಚೀಲ ತರಿಸುತ್ತಾರೆ. ಅದು ಅವರ ತಪ್ಪಲ್ಲ.

ನಾನು ಬೀಗದ ಕೈಯನ್ನು ದೇವರ ಗೂಡಿನಿಂದ ತೆಗೆದು ಬಾಗಿಲಿಗೇ ನೇತುಹಾಕಿದ್ದೇನೆ. ಗುಜರಿಯಿಂದ ತಂದ ಆ ಹೊಲಿದ ಪುಸ್ತಕ ಈಗ ನಮ್ಮ ಕೆಳಗಿನ ಮನೆಯಲ್ಲಿದೆ. ಮೂವತ್ತೆಂಟು ವರ್ಷ ಖಾಲಿ ಬಿದ್ದಿದ್ದ ಪಟ್ಟಿಗೆ ಇಪ್ಪತ್ನಾಲ್ಕನೆಯ ಹೆಸರು ಸೇರಿದೆ.

ಮಕ್ಕಳಿರುವ ಮನೆಗೆ ಬರಿಗೈಲಿ ಹೋಗಬಾರದು ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಬಾಳೆಹಣ್ಣೋ ಬಿಸ್ಕತ್ತೋ ಹಿಡಿದೇ ಹೋಗುತ್ತೇವೆ. ನಿಮ್ಮ ಊರಿನ ಗ್ರಂಥಾಲಯ ಎಲ್ಲಿದೆ, ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಗೊತ್ತಿಲ್ಲದಿದ್ದರೆ ಈ ವಾರ ಹೋಗಿ ನೋಡಿ ಬನ್ನಿ. ಅಲ್ಲಿಯೂ ಮಕ್ಕಳಿದ್ದಾರೆ. ಬರಿಗೈಲಿ ಹೋಗಬೇಡಿ.